ಬೂಷ್ಟು ಒರೆಸಬಹುದು, ವಿಷ ಒರೆಸಲಾಗದು

ಮಳೆಗಾಲ ಶುರುವಾಗಿ ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಅಡುಗೆ ಮನೆಗಳಲ್ಲಿ ಒಂದು ವಾಸನೆ ಏಳುತ್ತದೆ. ಜೋಳದ ಚೀಲದ ಬಾಯಿ ಬಿಚ್ಚಿದಾಗ, ಅಕ್ಕಿ ಡಬ್ಬದ ತಳಕ್ಕೆ ಕೈ ಹಾಕಿದಾಗ, ಹಿಟ್ಟಿನ ಡಬ್ಬದ ಮುಚ್ಚಳ ತೆಗೆದಾಗ ಮೂಗಿಗೆ ಬಡಿಯುವ ಮುಗ್ಗಲು ವಾಸನೆ ಅದು. ಮುಂದೆ ನಡೆಯುವುದು ಹೆಚ್ಚಿನ ಮನೆಗಳಲ್ಲಿ ಒಂದೇ. ಬಿಸಿಲು ಬಿದ್ದ ದಿನ ಕಾಳನ್ನು ಹೊರಗೆ ಹರಡುತ್ತೇವೆ. ಮೊರದಲ್ಲಿ ಕೇರಿ, ಬೂಷ್ಟನ್ನು ಉಜ್ಜಿ ತೆಗೆದು, ಇನ್ನೆರಡು ಸಲ ಹೆಚ್ಚಾಗಿ ತೊಳೆದು ಬಳಸುತ್ತೇವೆ. ಹೇಗೂ ಬೇಯಿಸುತ್ತೇವಲ್ಲ, ಬೆಂದ ಮೇಲೆ ಇನ್ನೇನು ಉಳಿದೀತು ಎಂಬ ಸಮಾಧಾನ ನಮ್ಮದು.

ಈ ಸಮಾಧಾನ ಅರ್ಧ ಮಾತ್ರ ಸರಿ. ಬೇಯಿಸಿದರೆ ಶಿಲೀಂಧ್ರ ಸಾಯುತ್ತದೆ, ನಿಜ. ಆದರೆ ಅದು ಬದುಕಿದ್ದಾಗ ಕಾಳಿನೊಳಗೆ ಬಿಟ್ಟ ವಿಷಕ್ಕೆ ಸಾವಿಲ್ಲ, ಏಕೆಂದರೆ ಅದಕ್ಕೆ ಜೀವವೇ ಇಲ್ಲ. ಅದೊಂದು ರಾಸಾಯನಿಕ ವಸ್ತು. ಒಮ್ಮೆ ಕಾಳಿನಲ್ಲಿ ಸೇರಿದರೆ ಬಿಸಿಲು, ನೀರು, ಬೆಂಕಿ ಯಾವುದಕ್ಕೂ ಪೂರ್ತಿ ಜಗ್ಗುವುದಿಲ್ಲ. ಆದ್ದರಿಂದ ಈ ವಿಷವನ್ನು ಒಲೆಯ ಮೇಲೆ ಗೆಲ್ಲುತ್ತೇವೆ ಎಂದುಕೊಳ್ಳುವುದು ತಪ್ಪು. ಅದನ್ನು ಗೆಲ್ಲಬೇಕಾದ ಜಾಗ ಕಣ, ಕಣಜ ಮತ್ತು ನಿಮ್ಮ ಮನೆಯ ಡಬ್ಬ.

ಬೂಷ್ಟು ಬೇರೆ, ವಿಷ ಬೇರೆ

ಶಿಲೀಂಧ್ರದ ಬೀಜಕಣಗಳು ಮಣ್ಣಿನಲ್ಲಿ, ಗಾಳಿಯಲ್ಲಿ, ಹೊಟ್ಟಿನಲ್ಲಿ ಎಲ್ಲೆಡೆಯೂ ಇರುತ್ತವೆ. ನಾವು ಕೊಳ್ಳುವ ಯಾವ ಕಾಳೂ ಅವುಗಳಿಂದ ಪೂರ್ತಿ ಮುಕ್ತವಲ್ಲ. ತೇವ ಮತ್ತು ಬೆಚ್ಚಗಿನ ಹವೆ ಸಿಕ್ಕಾಗ ಅವು ಮೊಳೆತು, ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಾಗಿ ಕಾಳಿನೊಳಗೆ ಇಳಿಯುತ್ತವೆ. ಬಿಳಿ, ಹಸಿರು ಅಥವಾ ಕಪ್ಪು ಪುಡಿಯಂತೆ ನಮಗೆ ಮೇಲೆ ಕಾಣುವುದು ಅದರ ಕೊನೆಯ ಹಂತ. ಅಷ್ಟು ಹೊತ್ತಿಗೆ ಒಳಗಿನ ಕೆಲಸ ಮುಗಿದಿರುತ್ತದೆ.

ಎಲ್ಲ ಬೂಷ್ಟೂ ವಿಷಕಾರಿಯಲ್ಲ. ಕೆಲವು ಜಾತಿಗಳು ಮಾತ್ರ, ಕೆಲವು ಪರಿಸ್ಥಿತಿಗಳಲ್ಲಿ ಮಾತ್ರ ವಿಷ ತಯಾರಿಸುತ್ತವೆ. ಯಾವುದರಲ್ಲಿ ವಿಷವಿದೆ, ಯಾವುದರಲ್ಲಿ ಇಲ್ಲ ಎಂದು ಬಣ್ಣ ನೋಡಿ ಹೇಳಲಾಗದು. ಬೂಷ್ಟು ಉದುರಿಹೋಗಿ ಚೊಕ್ಕಟವಾಗಿ ಕಾಣುವ ಕಾಳಿನಲ್ಲೂ ವಿಷ ಉಳಿದಿರಬಹುದು. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಮುಗ್ಗಲು ವಾಸನೆ ಬರುವುದು ಶಿಲೀಂಧ್ರದಿಂದಲೇ ಹೊರತು ವಿಷದಿಂದಲ್ಲ.

ಈ ವಿಷಗಳಲ್ಲಿ ಎಲ್ಲಕ್ಕಿಂತ ಕುಖ್ಯಾತವಾದದ್ದು ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನ ಸಾಕಣೆ ಕೇಂದ್ರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತವು. ಕಾರಣ ತಿಳಿಯದೆ ಅದನ್ನು 'ಟರ್ಕಿ ಎಕ್ಸ್ ರೋಗ' ಎಂದು ಕರೆದರು. ಹುಡುಕುತ್ತಾ ಹೋದಾಗ, ಬ್ರೆಜಿಲ್‌ನಿಂದ ತರಿಸಿದ್ದ ಕಡಲೆಕಾಯಿ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಬೆಳೆದು ವಿಷ ಬಿಟ್ಟಿದ್ದುದು ಗೊತ್ತಾಯಿತು. ಆ ಶಿಲೀಂಧ್ರದ ಹೆಸರಿನ ತುಣುಕುಗಳಿಂದಲೇ ವಿಷಕ್ಕೂ ಹೆಸರಾಯಿತು.

ಮನುಷ್ಯರು ಸತ್ತ ವರ್ಷ

ಕೋಳಿಗಳ ಕಥೆ ದೂರದ್ದು ಎನ್ನಿಸಬಹುದು. ಆದರೆ 1974ರ ಕೊನೆಯಲ್ಲಿ ನಮ್ಮ ದೇಶದಲ್ಲೇ, ಗುಜರಾತ್ ಮತ್ತು ರಾಜಸ್ಥಾನದ ಅಕ್ಕಪಕ್ಕದ ಜಿಲ್ಲೆಗಳಾದ ಪಂಚಮಹಲ್ ಮತ್ತು ಬಾಂಸವಾಡಾಗಳ ಹಳ್ಳಿಗಳಲ್ಲಿ, ಜನ ಇದ್ದಕ್ಕಿದ್ದಂತೆ ಕಾಮಾಲೆಯಿಂದ ಮಲಗತೊಡಗಿದರು. ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತಿತ್ತು, ಕಾಲು ಊದುತ್ತಿತ್ತು. ಕಾಯಿಲೆ ಬಿದ್ದ 397 ಮಂದಿಯಲ್ಲಿ 106 ಮಂದಿ ಸತ್ತರು. ಅವರ ಮನೆಯ ನಾಯಿಗಳೂ ಅದೇ ರೀತಿ ಸತ್ತಿದ್ದವು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಅಲ್ಲಿಗೆ ಹೋಗಿ ನೋಡಿದಾಗ ಕಾರಣ ಸ್ಪಷ್ಟವಾಯಿತು. ಮೆಕ್ಕೆಜೋಳವೇ ಅಲ್ಲಿನ ಬಡ ಗಿರಿಜನರ ಆಹಾರ. ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಬಿದ್ದಿತ್ತು. ನೆನೆದ ಕಾಳು ಸರಿಯಾಗಿ ಒಣಗದೆಯೇ ಮನೆ ಸೇರಿತ್ತು. ಕಾಯಿಲೆ ಬಿದ್ದವರ ಮನೆಯ ಕಾಳಿನಲ್ಲಿ ಕಿಲೋಗೆ 6.25 ರಿಂದ 15.6 ಮಿಲಿಗ್ರಾಂವರೆಗೆ ಅಫ್ಲಾಟಾಕ್ಸಿನ್ ಇತ್ತು. ಈಗ ನಮ್ಮ ಆಹಾರ ಸುರಕ್ಷತೆಯ ನಿಯಮಗಳು ಏಕದಳ ಧಾನ್ಯದಲ್ಲಿ ಬಿಡುವ ಮಿತಿ ಕಿಲೋಗೆ 15 ಮೈಕ್ರೋಗ್ರಾಂ. ಒಂದು ಮಿಲಿಗ್ರಾಂ ಎಂದರೆ ಸಾವಿರ ಮೈಕ್ರೋಗ್ರಾಂ. ಲೆಕ್ಕ ಹಾಕಿದರೆ ಆ ಜನ ತಿಂದದ್ದು ಮಿತಿಗಿಂತ ನಾನೂರರಿಂದ ಸಾವಿರ ಪಟ್ಟು ಹೆಚ್ಚು ವಿಷ! ಕಾಳು ಕೆಟ್ಟಿದೆ ಎಂದು ಕಣ್ಣಿಗೆ ಕಂಡರೂ ಬಿಸಾಡುವಂತಿರಲಿಲ್ಲ. ಮನೆಯಲ್ಲಿ ಬೇರೆ ಕಾಳಿರಲಿಲ್ಲ.

ಮೂವತ್ತು ವರ್ಷಗಳ ನಂತರ, 2004ರಲ್ಲಿ, ಆಫ್ರಿಕಾದ ಕೆನ್ಯಾದಲ್ಲೂ ಇದೇ ನಡೆಯಿತು. 317 ಮಂದಿ ಕಾಯಿಲೆ ಬಿದ್ದರು, 125 ಮಂದಿ ಸತ್ತರು. ಅಲ್ಲಿಯೂ ಮೆಕ್ಕೆಜೋಳವೇ. ತೇವವಿದ್ದ ಕಾಳನ್ನು ಗಾಳಿಯಾಡುವ ಕಣಜದಲ್ಲಿ ಇಡದೆ ಬೆಚ್ಚಗಿನ ಮನೆಯೊಳಗೆ ಇಟ್ಟುಕೊಂಡವರಲ್ಲಿ ಕಾಯಿಲೆ ಹೆಚ್ಚಾಗಿತ್ತು. ಕಾಳು ಎಲ್ಲಿ, ಹೇಗೆ ಇಟ್ಟೆವು ಎಂಬುದು ಜೀವದ ಪ್ರಶ್ನೆಯಾಗಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಮ್ಮ ಜೋಳದ ಸೀಮೆಯಲ್ಲಿ

ಕರ್ನಾಟಕಕ್ಕೂ ಇದರ ಅನುಭವವಿದೆ. 1995ರಲ್ಲಿ ದಖನ್ ಪ್ರಸ್ಥಭೂಮಿಯಲ್ಲಿ ಕೊಯ್ಲಿನ ಕಾಲಕ್ಕೆ ಅಕಾಲ ಮಳೆ ಸುರಿಯಿತು. ಕರ್ನಾಟಕ ಮತ್ತು ಆಗಿನ ಆಂಧ್ರಪ್ರದೇಶದ ಕೆಲವು ಹಳ್ಳಿಗಳಲ್ಲಿ ಜೋಳ, ಮೆಕ್ಕೆಜೋಳ ನೆನೆದು ಬೂಷ್ಟು ಹಿಡಿದವು. ಅದೇ ಕಾಳಿನ ರೊಟ್ಟಿ ತಿಂದವರಿಗೆ ಅರ್ಧ ಗಂಟೆ, ಒಂದು ಗಂಟೆಯೊಳಗೆ ಹೊಟ್ಟೆನೋವು, ಹೊಟ್ಟೆಯಲ್ಲಿ ಗುಡುಗುಡು, ಭೇದಿ ಶುರುವಾಗುತ್ತಿತ್ತು. ಸಮೀಕ್ಷೆ ಮಾಡಿದ 50 ಹಳ್ಳಿಗಳ ಪೈಕಿ 27ರಲ್ಲಿ ಈ ತೊಂದರೆ ಕಂಡುಬಂತು. ಆ ಕಾಳಿನಲ್ಲಿ ಫ್ಯುಸೇರಿಯಂ ಎಂಬ ಇನ್ನೊಂದು ಶಿಲೀಂಧ್ರ ಮಾಡುವ ಫ್ಯುಮೊನಿಸಿನ್ ಎಂಬ ವಿಷವಿತ್ತು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. ಆ ಕಾಳು ತಿನ್ನುವುದನ್ನು ಬಿಟ್ಟಕೂಡಲೇ ಜನ ಸುಧಾರಿಸಿಕೊಂಡರು.

ಹೊಟ್ಟೆ ಕೆಟ್ಟು ತಿಳಿಸುವ ವಿಷ ಒಂದು ರೀತಿಯಲ್ಲಿ ಉಪಕಾರಿ. ತಿಂದವರು ಎಚ್ಚರಗೊಳ್ಳುತ್ತಾರೆ. ದಿನವೂ ಸ್ವಲ್ಪ ಸ್ವಲ್ಪ ಹೊಟ್ಟೆ ಸೇರಿ ಏನೂ ತಿಳಿಸದೆ ಇರುವ ವಿಷ ಹೆಚ್ಚು ಅಪಾಯಕಾರಿ. ಅಫ್ಲಾಟಾಕ್ಸಿನ್ ಅಂಥದ್ದು. ಅದು ಕುಳಿತುಕೊಳ್ಳುವುದು ಯಕೃತ್ತಿನಲ್ಲಿ, ಅಂದರೆ ಲಿವರಿನಲ್ಲಿ. ವರ್ಷಗಟ್ಟಲೆ ತಿಂದರೆ ಯಕೃತ್ತಿನ ಕ್ಯಾನ್ಸರ್ ಬರಬಹುದೆಂಬುದು ಖಚಿತವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ವರ್ಗಕ್ಕೆ ಸೇರಿಸಿದೆ. ಹೆಪಟೈಟಿಸ್ ಬಿ ಸೋಂಕು ಇರುವವರಲ್ಲಿ ಅಫ್ಲಾಟಾಕ್ಸಿನ್ನಿನ ಈ ಶಕ್ತಿ ಸುಮಾರು ಮೂವತ್ತು ಪಟ್ಟು ಹೆಚ್ಚು. ಈ ವಿಷ ಹೆಚ್ಚಾಗಿ ಸೇರುವ ಪ್ರದೇಶಗಳ ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗಿರುವುದೂ ಕಂಡುಬಂದಿದೆ.

ಎಲ್ಲಕ್ಕೂ ಮೂಲ ನೀರು

ಹಾಗಾದರೆ ಕಾಳಿಗೆ ವಿಷ ಸೇರುವುದು ಯಾವಾಗ? ಕೆಲವು ಹೊಲದಲ್ಲೇ ಸೇರುತ್ತವೆ. ಫ್ಯುಸೇರಿಯಂ ಹೆಚ್ಚಾಗಿ ಹೊಲದ ಶಿಲೀಂಧ್ರ. ಹಸಿ ತೆನೆಯಲ್ಲೇ ಅದರ ಬೆಳವಣಿಗೆ. ಆಸ್ಪರ್ಜಿಲಸ್ ಜಾತಿಗೆ ಹೊಲವೂ ಆದೀತು, ಉಗ್ರಾಣವೂ ಆದೀತು. ಹೊಲದಲ್ಲಿ ಸೇರಿದ ವಿಷವನ್ನು ಎಷ್ಟು ಚೆನ್ನಾಗಿ ಶೇಖರಿಸಿದರೂ ತೆಗೆಯಲಾಗದು. ಒಳ್ಳೆಯ ಶೇಖರಣೆ ಮಾಡುವುದು ಒಂದೇ ಕೆಲಸ: ಇದ್ದುದು ಹೆಚ್ಚದಂತೆ, ಇಲ್ಲದ್ದು ಹುಟ್ಟದಂತೆ ತಡೆಯುವುದು. ಆದರೆ ಆ ಒಂದು ಕೆಲಸವೇ ದೊಡ್ಡದು. ಕೆಟ್ಟ ಶೇಖರಣೆಯಲ್ಲಿ ಅಲ್ಪಸ್ವಲ್ಪ ಇದ್ದ ವಿಷ ಕೆಲವೇ ದಿನಗಳಲ್ಲಿ ಅನೇಕ ಪಟ್ಟು ಏರಬಲ್ಲದು.

ಅಫ್ಲಾಟಾಕ್ಸಿನ್ ಮಾಡುವ ಶಿಲೀಂಧ್ರಕ್ಕೆ 25 ರಿಂದ 35 ಡಿಗ್ರಿ ಸೆಲ್ಸಿಯಸ್ ಹವೆ ಹಿತ. ಇದು ನಮ್ಮ ನಾಡಿನಲ್ಲಿ ವರ್ಷದ ಬಹುಪಾಲು ಇರುವ ಹವೆಯೇ. ಹವೆಯನ್ನು ನಾವು ಬದಲಿಸಲಾರೆವು. ನಮ್ಮ ಕೈಯಲ್ಲಿರುವುದು ಕಾಳಿನೊಳಗಿನ ನೀರು. ಕೊಯ್ಲಿನ ಹೊತ್ತಿಗೆ ಭತ್ತದಲ್ಲಿ ಶೇಕಡಾ 20 ರಿಂದ 25ರಷ್ಟು ತೇವವಿರುತ್ತದೆ. ತಿಂಗಳುಗಟ್ಟಲೆ ಇಡಬೇಕಾದರೆ ಅದು ಶೇಕಡಾ 13ಕ್ಕೆ ಇಳಿಯಬೇಕು. ಗೋಧಿ, ಜೋಳ, ಮೆಕ್ಕೆಜೋಳಗಳಲ್ಲಿ 12ರ ಆಸುಪಾಸಿಗೆ ಬಂದರೆ ಒಳ್ಳೆಯದು. ಕಡಲೆಕಾಯಿ ಇನ್ನೂ ಒಣಗಬೇಕು, ಅದಕ್ಕೆ 8 ಸಾಕು. ಇಷ್ಟು ಒಣಗಿದ ಕಾಳಿನಲ್ಲಿ ಬೀಜಕಣ ಇದ್ದರೂ ಮೊಳೆಯಲಾರದು.

ಒಣಗಿಸುವಿಕೆ ತಡವಾಗಬಾರದು. ಹಸಿ ಭತ್ತವನ್ನು ರಾಶಿ ಮಾಡಿ ಟಾರ್ಪಾಲು ಹೊದಿಸಿ ಎರಡು ಮೂರು ದಿನ ಬಿಟ್ಟರೆ, ಕೈ ಒಳಗೆ ಹಾಕಿದಾಗ ಬಿಸಿ ತಾಗುತ್ತದೆ. ಕಾಳೂ ಶಿಲೀಂಧ್ರವೂ ಒಟ್ಟಿಗೆ ಉಸಿರಾಡಿ ಹುಟ್ಟಿದ ಶಾಖ ಅದು. ಕುಚ್ಚಲಕ್ಕಿಗಾಗಿ ಬೇಯಿಸಿದ ಭತ್ತವೂ ಅಷ್ಟೇ; ಮೋಡದ ದಿನಗಳಲ್ಲಿ ಒಣಗಲು ತಡವಾದರೆ ಬೂಷ್ಟಿಗೆ ಹಬ್ಬ.

ಇಲ್ಲಿ ರೈತನ ಕಷ್ಟವನ್ನೂ ಹೇಳಬೇಕು. ಶೇಕಡಾ 20 ತೇವವಿರುವ 100 ಕಿಲೋ ಮೆಕ್ಕೆಜೋಳವನ್ನು ಶೇಕಡಾ 12ಕ್ಕೆ ಒಣಗಿಸಿದರೆ ತೂಕ 91 ಕಿಲೋಗೆ ಇಳಿಯುತ್ತದೆ. ಒಂಬತ್ತು ಕಿಲೋ ನೀರು ಗಾಳಿಗೆ ಹೋಯಿತು. ಒಣಗಿದ ಕಾಳಿಗೆ ತಕ್ಕ ಹೆಚ್ಚಿನ ಬೆಲೆ ಸಿಗದಿದ್ದರೆ ಆ ಒಂಬತ್ತು ಕಿಲೋ ಅವನ ಪಾಲಿಗೆ ನಷ್ಟವೇ. ಹಸಿ ಕಾಳು ಮಾರುಕಟ್ಟೆಗೆ ಬರುವುದಕ್ಕೆ ಮಳೆಯಷ್ಟೇ ಈ ಲೆಕ್ಕವೂ ಕಾರಣ.

ಒಣಗಿದ ಕಾಳಿಗೆ ಮತ್ತೆ ನೀರು ಬರುವುದು ಹೇಗೆ?

ಚೆನ್ನಾಗಿ ಒಣಗಿಸಿ ತಂದೆವು, ಆದರೂ ಬೂಷ್ಟು ಬಂತು ಎನ್ನುವವರುಂಟು. ಕಾಳು ಗಾಳಿಯಿಂದ ತೇವ ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಗೋಣಿಚೀಲದಲ್ಲಿ ಹಾಯಾಗಿದ್ದ ಜೋಳ, ಜುಲೈ ತಿಂಗಳ ತೇವದ ಗಾಳಿಯಲ್ಲಿ ಅದೇ ಚೀಲದಲ್ಲಿ ಮೆತ್ತಗಾಗುತ್ತದೆ. ಕರಾವಳಿ, ಮಲೆನಾಡಿನಲ್ಲಂತೂ ತೆರೆದಿಟ್ಟ ಯಾವ ಕಾಳೂ ಮಳೆಗಾಲದಲ್ಲಿ ಒಣಗಿ ಉಳಿಯದು.

ಎರಡನೆಯ ದಾರಿ ನೆಲ ಮತ್ತು ಗೋಡೆ. ತಣ್ಣಗಿನ ನೆಲಕ್ಕೆ ತಾಗಿದ ಚೀಲದ ತಳ, ಗೋಡೆಗೆ ಒರಗಿದ ಚೀಲದ ಬೆನ್ನು ಮೊದಲು ಕೆಡುತ್ತವೆ. ಮೂರನೆಯದು ಡಬ್ಬದೊಳಗಿನ ಬೆವರು. ಬಿಸಿಲಲ್ಲಿ ಒಣಗಿಸಿದ ಕಾಳನ್ನು ಬಿಸಿ ಇರುವಾಗಲೇ ತುಂಬಿ ಮುಚ್ಚಿದರೆ, ರಾತ್ರಿ ತಣ್ಣಗಾದಾಗ ಮುಚ್ಚಳದ ಒಳಮೈಯಲ್ಲಿ ಹನಿ ಕೂಡಿ ಮೇಲಿನ ಕಾಳನ್ನು ತೋಯಿಸುತ್ತದೆ.

ನಾಲ್ಕನೆಯದು ಹುಳು. ನುಸಿ, ಸೊಂಡಿಲಿನ ಕಪ್ಪು ಹುಳು ಇವೆಲ್ಲ ಉಸಿರಾಡುವ ಜೀವಿಗಳು. ಅವು ಗುಂಪು ಕೂಡಿದ ಜಾಗದಲ್ಲಿ ಶಾಖವೂ ತೇವವೂ ಏಳುತ್ತವೆ. ಜೊತೆಗೆ ಕಾಳಿನ ಸಿಪ್ಪೆಯನ್ನು ಕೊರೆದು ಶಿಲೀಂಧ್ರಕ್ಕೆ ಬಾಗಿಲು ತೆರೆಯುತ್ತವೆ, ಬೀಜಕಣಗಳನ್ನು ಮೈಮೇಲೆ ಹೊತ್ತು ಹರಡುತ್ತವೆ. ಹುಳು ಬಿದ್ದ ಕಾಳಿನಲ್ಲಿ ಬೂಷ್ಟು ಬರುವುದು ಕಾಕತಾಳೀಯವಲ್ಲ.

ಹಿರಿಯರ ಹಗೇವು, ಕಣಜ

ನಮ್ಮ ಹಿರಿಯರಿಗೆ ಅಫ್ಲಾಟಾಕ್ಸಿನ್ ಎಂಬ ಹೆಸರು ಗೊತ್ತಿರಲಿಲ್ಲ, ನೀರಿನ ಗುಣ ಗೊತ್ತಿತ್ತು. ಕಣಜವನ್ನು ನೆಲಕ್ಕೆ ತಾಗದಂತೆ ಕಲ್ಲುಗಳ ಮೇಲೆ ಕೂರಿಸುತ್ತಿದ್ದರು. ಹೊರಮೈಗೆ ಸಗಣಿ, ಮಣ್ಣು ಸಾರಿಸಿ ಬಿರುಕು ಮುಚ್ಚುತ್ತಿದ್ದರು. ಮಲೆನಾಡಿನ ಪಣತ, ದಕ್ಷಿಣ ಕನ್ನಡದ ಹುಲ್ಲಿನ ಅಕ್ಕಿಮುಡಿ, ಬಯಲುಸೀಮೆಯ ಮಣ್ಣಿನ ವಾಡೆ ಎಲ್ಲವೂ ಆಯಾ ಊರಿನ ಹವೆಗೆ ಹೊಂದಿಕೊಂಡ ಉಪಾಯಗಳು.

ಹಗೇವಿನದು ಇನ್ನೊಂದು ತಂತ್ರ. ನೆಲದೊಳಗಿನ ಗುಂಡಿಗೆ ಒಣಹುಲ್ಲು ಹಾಸಿ, ಕಾಳು ತುಂಬಿ, ಬಾಯಿಯನ್ನು ಕಲ್ಲು ಮಣ್ಣಿನಿಂದ ಭದ್ರವಾಗಿ ಮುಚ್ಚಿದರೆ ಒಳಗಿನ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು ಸಾಯುತ್ತದೆ, ಬೂಷ್ಟಿನ ಬೆಳವಣಿಗೆ ಕುಗ್ಗುತ್ತದೆ. ತೆರೆದ ತಕ್ಷಣ ಹಗೇವಿಗೆ ಇಳಿದವರು ಉಸಿರುಗಟ್ಟಿ ಸತ್ತದ್ದೂ ಇದೇ ಅನಿಲದಿಂದ. ಆದರೆ ಹಗೇವಿಗೂ ಒಂದು ಮಿತಿಯಿತ್ತು. ನೆಲದ ತೇವ ಇಳಿದು, ಗೋಡೆಗೆ ತಾಗಿದ ಕಾಳು ಮುಗ್ಗುತ್ತಿತ್ತು. ಒಣ ಭೂಮಿಯಲ್ಲಿ ಒಳ್ಳೆಯದಾದ ಹಗೇವು ಮಳೆ ನೀರು ಜಿನುಗುವಲ್ಲಿ ಕೆಡಕು.

ಇಂದು ಮಾರುಕಟ್ಟೆಯಲ್ಲಿ ಸಿಗುವ ಗಾಳಿಯಾಡದ ಒಳಪದರದ ಚೀಲಗಳು ಹಗೇವಿನ ತತ್ವದವೇ. ಮಣ್ಣಿನ ಗೋಡೆಯೊಳಗೆ ಪಾಲಿಥೀನ್ ಪದರವಿಟ್ಟು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಪೂಸಾ ಕಣಜವೂ ಹಳತು ಹೊಸತು ಸೇರಿದ ಉಪಾಯ. ಇವೆಲ್ಲಕ್ಕೂ ಒಂದೇ ಷರತ್ತು: ಒಳಗೆ ಹಾಕುವ ಕಾಳು ಮೊದಲೇ ಒಣಗಿರಬೇಕು. ಹಸಿ ಕಾಳನ್ನು ಗಾಳಿಯಾಡದಂತೆ ಮುಚ್ಚಿದರೆ ಕೆಡುಕನ್ನು ಒಳಗೆ ಕೂಡಿಹಾಕಿದಂತೆ.

ಮನೆಯಲ್ಲಿ ಏನು ಮಾಡಬೇಕು?

ಮೊದಲು ಕೊಳ್ಳುವಾಗ ಎಚ್ಚರ. ಮೂಸಿ ನೋಡಿ. ಒಡೆದ, ಬಣ್ಣಗೆಟ್ಟ, ಹುಳು ಕೊರೆದ ಕಾಳು ಹೆಚ್ಚಿದ್ದರೆ ಬೇಡ. ತೀರಾ ಅಗ್ಗದ ನುಚ್ಚು, ಹಿಟ್ಟು ಕೊಳ್ಳುವಾಗ ಇನ್ನೂ ಹೆಚ್ಚು ಜಾಗ್ರತೆ ಬೇಕು, ಏಕೆಂದರೆ ಕೆಟ್ಟ ಕಾಳು ಬೀಸಿದ ಮೇಲೆ ಕಣ್ಣಿಗೆ ಕಾಣುವುದಿಲ್ಲ.

ಕಾಳು ಒಣಗಿದೆಯೇ ಎಂದು ತಿಳಿಯಲು ಹಲ್ಲಿನಲ್ಲಿ ಕಡಿದು ನೋಡುವುದು ಹಳೆಯ ರೂಢಿ. ಒಣಗಿದ ಕಾಳು ಕಟಕ್ಕನೆ ಮುರಿಯುತ್ತದೆ, ಹಸಿಯದು ಹಲ್ಲಿಗೆ ಅಂಟುತ್ತದೆ. ಇನ್ನೊಂದು ಸುಲಭ ಪರೀಕ್ಷೆಯಿದೆ. ಒಣಗಿದ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಕಾಳು, ಕೆಲವು ಚಮಚ ಚೆನ್ನಾಗಿ ಒಣಗಿದ ಪುಡಿ ಉಪ್ಪು ಹಾಕಿ ಮುಚ್ಚಿ. ಒಂದು ನಿಮಿಷ ಅಲುಗಾಡಿಸಿ, ಕಾಲು ಗಂಟೆ ಬಿಡಿ. ಉಪ್ಪು ಬಾಟಲಿಯ ಗೋಡೆಗೆ ಅಂಟಿದರೆ ತೇವ ಶೇಕಡಾ 15ಕ್ಕಿಂತ ಹೆಚ್ಚಿದೆ ಎಂದರ್ಥ. ಅಂಟದಿದ್ದರೂ ಇನ್ನೊಂದೆರಡು ಬಿಸಿಲು ಕೊಡುವುದು ಲೇಸು, ಏಕೆಂದರೆ ನಮಗೆ ಬೇಕಾದದ್ದು 15ಕ್ಕಿಂತಲೂ ಕಡಿಮೆ.

ಒಣಗಿಸುವಾಗ ಬರಿ ಮಣ್ಣಿನ ಮೇಲೆ ಹರಡಬೇಡಿ. ಚಾಪೆ, ಟಾರ್ಪಾಲು ಅಥವಾ ಶುಚಿಯಾದ ತಾರಸಿ ಇರಲಿ. ತೆಳ್ಳಗೆ ಹರಡಿ ಆಗಾಗ ಕೈಯಾಡಿಸಿ, ಸಂಜೆ ಇಬ್ಬನಿ ಬೀಳುವ ಮುಂಚೆ ಎತ್ತಿ. ನೆರಳಿನಲ್ಲಿ ತಣ್ಣಗಾದ ಮೇಲೆ ತುಂಬಿ.

ಡಬ್ಬವನ್ನು ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಹೊಸ ಕಾಳು ಹಾಕಿ. ಹಳೆಯ ಕಾಳಿನ ಮೇಲೆ ಹೊಸದನ್ನು ಸುರಿಯುವ ಅಭ್ಯಾಸ ಬಿಡಿ. ತಳದಲ್ಲಿ ಉಳಿದ ಹುಳು, ಬೂಷ್ಟು ಹೊಸದಕ್ಕೂ ಹತ್ತುತ್ತವೆ. ಬಿಗಿ ಮುಚ್ಚಳದ ತಗಡಿನ ಅಥವಾ ಸ್ಟೀಲಿನ ಡಬ್ಬ ಮಳೆಗಾಲಕ್ಕೆ ಒಳ್ಳೆಯದು. ಚೀಲದಲ್ಲೇ ಇಡಬೇಕಾದರೆ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ ಇಡಿ. ಒಲೆಯ ಆವಿ ತಾಗುವಲ್ಲಿ, ಬಚ್ಚಲ ಗೋಡೆಯ ಪಕ್ಕದಲ್ಲಿ ಬೇಡ. ಒದ್ದೆ ಕೈ, ಒದ್ದೆ ಪಾವು ಡಬ್ಬದೊಳಗೆ ಹೋಗಬಾರದು.

ಹುಳು ಬರದಿರಲಿ ಎಂದು ಬೇವಿನ ಸೊಪ್ಪು ಹಾಕುವುದುಂಟು. ಒಣಗಿದ ಸೊಪ್ಪಾದರೆ ಅಡ್ಡಿಯಿಲ್ಲ. ಹಸಿ ಸೊಪ್ಪು ಹಾಕಿದರೆ ಅದರ ನೀರನ್ನು ಕಾಳೇ ಕುಡಿಯುತ್ತದೆ. ಬೇವು, ಒಣಮೆಣಸಿನಕಾಯಿ ಇವೆಲ್ಲ ಹುಳುವಿಗೆ ಮದ್ದು; ಅವನ್ನು ನಂಬಿ ತೇವದ ಕಾಳನ್ನು ಇಟ್ಟರೆ ಬೂಷ್ಟಿಗೆ ತಡೆಯಿಲ್ಲ.

ಹಿಟ್ಟು ಕಾಳಿಗಿಂತ ಬೇಗ ತೇವ ಹೀರುತ್ತದೆ. ಮಳೆಗಾಲದಲ್ಲಿ ಎರಡು ಮೂರು ವಾರಕ್ಕೆ ಸಾಕಾಗುವಷ್ಟೇ ಬೀಸಿಸಿಕೊಳ್ಳಿ. ಬಿಸಿ ಹಿಟ್ಟನ್ನು ಗಿರಣಿಯಿಂದ ತಂದ ಕೂಡಲೇ ಡಬ್ಬಕ್ಕೆ ತುಂಬದೆ, ಹರಡಿ ಆರಿಸಿ ತುಂಬಿ.

ಹಸುಗೂಸುಗಳಿರುವ ಮನೆಯವರಿಗೆ ಒಂದು ವಿಶೇಷ ಮಾತು. ಮೊಳಕೆ ಕಟ್ಟಿದ ರಾಗಿಯ ಹಿಟ್ಟು ಮಕ್ಕಳಿಗೆ ಉತ್ತಮ ಆಹಾರ. ಆದರೆ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿದ ಕಾಳು ಬೂಷ್ಟಿಗೂ ಅಷ್ಟೇ ಉತ್ತಮ ಆಹಾರ. ಮೋಡ ಕವಿದ ದಿನಗಳಲ್ಲಿ ಅದು ಎರಡು ಮೂರು ದಿನ ಒದ್ದೆಯಾಗಿಯೇ ಉಳಿಯುತ್ತದೆ. ಬಿಸಿಲಿರುವ ದಿನಗಳನ್ನೇ ಆರಿಸಿಕೊಳ್ಳಿ, ಬೇಗ ಒಣಗಿಸಿ, ಹದವಾಗಿ ಹುರಿದು, ಸ್ವಲ್ಪ ಸ್ವಲ್ಪವೇ ಮಾಡಿಟ್ಟುಕೊಳ್ಳಿ. ಬೂಷ್ಟಿನ ಎಳೆ ಕಂಡರೆ ಮರುಮಾತಿಲ್ಲದೆ ಚೆಲ್ಲಿ. ಮಗುವಿನ ದೇಹದ ತೂಕ ಕಡಿಮೆ. ನಮಗೆ ಅಲ್ಪವಾದ ವಿಷ ಅದಕ್ಕೆ ಹೆಚ್ಚಾಗುತ್ತದೆ.

ಅಡುಗೆಯಿಂದ ಎಷ್ಟು ಹೋಗುತ್ತದೆ?

ಅಫ್ಲಾಟಾಕ್ಸಿನ್ ಪೂರ್ತಿ ಒಡೆಯಬೇಕಾದರೆ 230 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖ ಬೇಕು. ಕುದಿಯುವ ನೀರಿನ ಶಾಖ 100 ಡಿಗ್ರಿ, ಪ್ರೆಷರ್ ಕುಕ್ಕರಿನೊಳಗೆ ಸುಮಾರು 120. ರೊಟ್ಟಿಯ ಹೊರಮೈ ಸುಟ್ಟರೂ ಒಳಗಿನ ಹಸಿಭಾಗ ಅಷ್ಟು ಕಾಯುವುದಿಲ್ಲ. ತೊಳೆಯುವುದು, ಬೇಯಿಸುವುದು, ಹುರಿಯುವುದು ಇವುಗಳಿಂದ ವಿಷ ತಕ್ಕಮಟ್ಟಿಗೆ ಕಡಿಮೆಯಾಗಬಹುದು, ಪೂರ್ತಿ ಹೋಗದು. ಹುದುಗಿಸಿದ ಇಡ್ಲಿ, ದೋಸೆ ಹಿಟ್ಟಿನ ಮಾತೂ ಇದೇ.

ಇವೆಲ್ಲಕ್ಕಿಂತ ಹೆಚ್ಚು ಉಪಯೋಗ ಕಾಳು ಆರಿಸುವುದರಲ್ಲಿದೆ. ಒಂದು ರಾಶಿಯಲ್ಲಿ ವಿಷ ಎಲ್ಲ ಕಾಳಿಗೂ ಸಮನಾಗಿ ಹಂಚಿರುವುದಿಲ್ಲ. ಕೆಲವೇ ಕಾಳುಗಳಲ್ಲಿ ಬಹುಪಾಲು ತುಂಬಿರುತ್ತದೆ. ಮುದುಡಿದ, ಒಡೆದ, ಕಪ್ಪಾದ, ನೀರಿಗೆ ಹಾಕಿದಾಗ ತೇಲುವ ಕಾಳುಗಳನ್ನು ತೆಗೆದುಹಾಕಿದರೆ ವಿಷದ ಗಣನೀಯ ಪಾಲು ಹೋಗುತ್ತದೆ. ಮೊರದ ಮುಂದೆ ಕೂತು ಕಾಳು ಆರಿಸುತ್ತಿದ್ದ ನಮ್ಮ ಹೆಂಗಸರ ಕೆಲಸ ಬರಿ ಕಲ್ಲು ತೆಗೆಯುವುದಷ್ಟೇ ಆಗಿರಲಿಲ್ಲ. ಆದರೆ ಇದು ಒಂದೆರಡು ಕಾಳು ಕೆಟ್ಟಾಗಿನ ಮಾತು. ಚೀಲವೇ ಮುಗ್ಗಿದ್ದರೆ ಆರಿಸಿ ಪ್ರಯೋಜನವಿಲ್ಲ.

ಬ್ರೆಡ್ಡು, ಚಪಾತಿಯ ಮೇಲೆ ಬೂಷ್ಟು ಬಂದರೆ ಆ ಭಾಗವನ್ನು ಮಾತ್ರ ಕಿತ್ತೆಸೆದು ಉಳಿದದ್ದನ್ನು ತಿನ್ನಬೇಡಿ. ಮೆತ್ತನೆಯ ಪದಾರ್ಥದಲ್ಲಿ ಅದರ ಎಳೆಗಳು ಕಾಣದಷ್ಟು ದೂರ ಹರಡಿರುತ್ತವೆ. ಫ್ರಿಜ್ಜಿನಲ್ಲಿಟ್ಟದ್ದಾದರೂ ಅಷ್ಟೇ; ತಂಪಿನಲ್ಲೂ ಬೆಳೆಯುವ ಶಿಲೀಂಧ್ರಗಳಿವೆ.

ಮುಗ್ಗಿದ ಕಾಳು ಯಾರಿಗೆ?

ಅನ್ನವನ್ನು ದೇವರೆಂದು ನಂಬಿದ ಮನೆಗಳು ನಮ್ಮವು. ಒಂದು ಅಗುಳು ಚೆಲ್ಲಿದರೂ ಬೈಸಿಕೊಂಡು ಬೆಳೆದವರು ನಾವು. ಚೀಲ ಕಾಳು ಚೆಲ್ಲಲು ಮನಸ್ಸು ಬರುವುದು ಸುಲಭವಲ್ಲ. ಹಾಗಾಗಿ ನಾವು ತಿನ್ನದ ಕಾಳನ್ನು ದನಕ್ಕೆ ಹಾಕುತ್ತೇವೆ, ಕೋಳಿಗೆ ಚೆಲ್ಲುತ್ತೇವೆ. ಕೆಲವರು ಕೆಲಸದವರಿಗೆ, ಕೇಳಿ ಬಂದವರಿಗೆ ಕೊಟ್ಟು ಪುಣ್ಯ ಬಂತೆಂದುಕೊಳ್ಳುತ್ತಾರೆ.

ಹಸುವಿಗೆ ಹಾಕಿದ ಅಫ್ಲಾಟಾಕ್ಸಿನ್ ಒಂದು ದಿನದೊಳಗೆ ರೂಪ ಬದಲಿಸಿ ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ತಿಂದದ್ದರಲ್ಲಿ ಸಣ್ಣ ಪಾಲೇ ಹಾಲಿಗೆ ಬರುವುದಾದರೂ, ಆ ಹಾಲು ಹೋಗುವುದು ಮಗುವಿನ ಬಟ್ಟಲಿಗೆ. ಹಾಲು ಕಾಯಿಸಿದರೂ ಅದು ಹೋಗುವುದಿಲ್ಲ. ಕೆಟ್ಟ ಮೇವು ನಿಲ್ಲಿಸಿದರೆ ಕೆಲವು ದಿನಗಳಲ್ಲಿ ಹಾಲು ಮತ್ತೆ ಸರಿಯಾಗುತ್ತದೆ. ಮುಗ್ಗಿದ ಹಿಂಡಿ, ತೌಡುಗಳಿಗೂ ಇದೇ ಮಾತು. ಬಡವರಿಗೆ ಕೊಡುವ ಬಗ್ಗೆ ಹೇಳುವುದೇ ಬೇಡ. 1974ರಲ್ಲಿ ಸತ್ತವರು ಬೇರೆ ಕಾಳಿಲ್ಲದೆ ಅದನ್ನು ತಿಂದವರು. ಹಸಿದವನ ತಟ್ಟೆಗೆ ತಿಳಿದೂ ತಿಳಿದೂ ಅಂಥದ್ದನ್ನು ಹಾಕುವುದು ದಾನವಾಗದು. ಪೂರ್ತಿ ಮುಗ್ಗಿದ ಕಾಳನ್ನು ದನ, ಕೋಳಿ ಮುಟ್ಟದ ಕಡೆ ಗುಂಡಿ ತೋಡಿ ಹೂಳಿ. ಹಾಗೆ ಮಾಡುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಅದರ ಪುಡಿ ಶ್ವಾಸಕೋಶಕ್ಕೂ ಒಳ್ಳೆಯದಲ್ಲ.

ವೈದ್ಯರ ಬಳಿ ಯಾವಾಗ?

ಒಂದೇ ಮನೆಯ, ಒಂದೇ ಕಾಳು ತಿಂದ ಹಲವರಿಗೆ ಒಟ್ಟಿಗೆ ಹೊಟ್ಟೆನೋವು, ವಾಂತಿ, ಭೇದಿ ಕಂಡರೆ ಅಥವಾ ಕಣ್ಣು ಹಳದಿಯಾಗಿ, ಹೊಟ್ಟೆ ಇಲ್ಲವೇ ಕಾಲು ಊದಿಕೊಂಡರೆ ಆ ಕಾಳಿನ ಅಡುಗೆಯನ್ನು ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಏನು ತಿಂದಿರೆಂದು ವೈದ್ಯರಿಗೆ ಹೇಳಿ, ಒಂದು ಹಿಡಿ ಕಾಳನ್ನು ಪರೀಕ್ಷೆಗೆ ತೆಗೆದಿಡಿ. ಮನೆಯ ನಾಯಿ, ಕೋಳಿಗಳು ಸಾಯುತ್ತಿದ್ದರೆ ಅದನ್ನೂ ತಿಳಿಸಿ. ಈ ವಿಷಗಳಿಗೆ ಪ್ರತಿವಿಷವಿಲ್ಲ. ತಿನ್ನುವುದನ್ನು ನಿಲ್ಲಿಸಿ, ತೊಂದರೆಗಳಿಗೆ ಚಿಕಿತ್ಸೆ ಕೊಡುವುದೇ ದಾರಿ.

ಹೆಪಟೈಟಿಸ್ ಬಿ ಲಸಿಕೆಯನ್ನು ಮಕ್ಕಳಿಗೆ ತಪ್ಪಿಸಬೇಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಮೊದಲ ಡೋಸ್ ಮಗು ಹುಟ್ಟಿದ 24 ಗಂಟೆಯೊಳಗೆ ಸಿಗಬೇಕು. ಲಸಿಕೆ ಅಫ್ಲಾಟಾಕ್ಸಿನ್ನನ್ನು ತಡೆಯದು, ಆದರೆ ಅದರ ಜೊತೆ ಕೈಜೋಡಿಸಿ ಯಕೃತ್ತನ್ನು ಕೆಡಿಸುವ ವೈರಸ್ಸನ್ನು ತಡೆಯುತ್ತದೆ.

ಈ ವಾರ ಒಂದು ಬಿಸಿಲು ಬಂದ ದಿನ ನಿಮ್ಮ ಮನೆಯ ಡಬ್ಬಗಳನ್ನೆಲ್ಲ ಒಮ್ಮೆ ಇಳಿಸಿ. ಮುಚ್ಚಳದ ಒಳಮೈ ಮುಟ್ಟಿ ನೋಡಿ, ತಳದ ಕಾಳನ್ನು ಮೂಸಿ ನೋಡಿ, ಒಂದು ಕಾಳು ಕಡಿದು ನೋಡಿ. ಕಟಕ್ಕೆಂದರೆ ಸಂತೋಷ. ಮೆತ್ತಗಿದ್ದರೂ ಮುಗ್ಗಲು ವಾಸನೆ ಇಲ್ಲದಿದ್ದರೆ ಒಣಗಿಸಿಕೊಳ್ಳಲು ಇನ್ನೂ ಹೊತ್ತಿದೆ. ವಾಸನೆ ಬಂದ ಮೇಲೆ ಹೊತ್ತು ಮೀರಿದಂತೆಯೇ.